ಕೆಂಪು ಬಾಣದ ಸುರುಳಿ

ನನ್ನ ದೊಡ್ಡಮ್ಮನಿಗೆ ಬಟ್ಟೆಯನ್ನು ಸುಮ್ಮನೆ ನೋಡಲು ಬರುವುದಿಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಡಾಕ್ಟರ ಬಾಗಿಲು ನೋಡುತ್ತ ಕೂತಿದ್ದರೆ ಅವಳು ಕಿಟಕಿಯ ಪರದೆ ಮಗುಚಿ ಅಂಚಿನ ಹೊಲಿಗೆ ನೋಡುತ್ತಿರುತ್ತಾಳೆ. ಬಸ್ಸಿನಲ್ಲಿ ಮುಂದೆ ನಿಂತವರ ಬೆನ್ನಿನ ಮೇಲೆ ಒಂದು ದಾರದೆಳೆ ಜೋತುಬಿದ್ದಿದ್ದರೆ ಸಾಕು, ಅವಳ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ನಾನು ಅವಳ ಕೈ ಹಿಡಿದು ಕೆಳಗಿಳಿಸಬೇಕು. ಅಪ್ಪ ಹೊಸ ಅಂಗಿ ತೊಟ್ಟು ಹೊರಟರೆ ಬಾಗಿಲಲ್ಲೇ ನಿಲ್ಲಿಸಿ ಒಂದು ಸುತ್ತು ತಿರುಗಿಸುತ್ತಾಳೆ. ಅಪ್ಪ ಎರಡೂ ಕೈ ಮೇಲೆತ್ತಿ, ಪೊಲೀಸರ ಕೈಗೆ ಸಿಕ್ಕವರ ಹಾಗೆ, ಮಾತಿಲ್ಲದೆ ತಿರುಗುತ್ತಾರೆ.

ಗಾರ್ಮೆಂಟ್ ಕಾರ್ಖಾನೆಯ ಚೆಕಿಂಗ್ ಟೇಬಲ್ಲಿನ ಮುಂದೆ ಅವಳು ಹತ್ತೊಂಬತ್ತು ವರ್ಷ ನಿಂತಿದ್ದಳು. ನಿಂತಿದ್ದಳು ಎಂದರೆ ನಿಂತೇ ಇದ್ದಳು. ಆ ಕೆಲಸಕ್ಕೆ ಕುರ್ಚಿ ಕೊಡುವುದಿಲ್ಲ. ಹೊಲಿದ ಅಂಗಿ ಮುಂದೆ ಬಂದು ಬೀಳುತ್ತದೆ. ಕಾಲರಿನಿಂದ ಹಿಡಿದು ಭುಜ, ತೋಳು, ಗುಂಡಿಯ ಪಟ್ಟಿ, ಕೆಳಗಿನ ಅಂಚು, ಆಮೇಲೆ ಒಳಗನ್ನು ಹೊರಗು ಮಾಡಿ ಮತ್ತೆ ಅದೇ ದಾರಿ. ಎಲ್ಲಿ ಹೊಲಿಗೆ ತಪ್ಪಿದೆಯೋ ಅಲ್ಲಿಗೆ ಉಗುರಿನಷ್ಟು ಅಗಲದ ಒಂದು ಕೆಂಪು ಬಾಣದ ಸ್ಟಿಕ್ಕರ್. ಬಾಣ ಬಿದ್ದ ಅಂಗಿ ಹೊಲಿದವರ ಬಳಿಗೆ ವಾಪಸು ಹೋಗುತ್ತದೆ, ಬೀಳದ ಅಂಗಿ ಇಸ್ತ್ರಿಗೆ ಹೋಗುತ್ತದೆ. ಪ್ರತಿ ಕಾಲರಿನೊಳಗೂ ಹೊಲಿದವರ ನಂಬರಿನ ಚೀಟಿ ಇರುತ್ತದೆ. ದೊಡ್ಡಮ್ಮ ಅಂಗಿ ಎತ್ತಿಕೊಂಡ ಕೂಡಲೇ ಎಡಗೈಯ ಹೆಬ್ಬೆರಳನ್ನು ಆ ಚೀಟಿಯ ಮೇಲೆ ಒತ್ತಿ ಇಡುತ್ತಿದ್ದಳು. ಯಾರು ಹೊಲಿದದ್ದು ಎಂದು ಗೊತ್ತಾದರೆ ಕಣ್ಣು ಮೆತ್ತಗಾಗುತ್ತದೆ ಎನ್ನುವುದು ಅವಳ ನಂಬಿಕೆ.

ನಾನು ಚಿಕ್ಕವಳಿದ್ದಾಗ ನನ್ನ ಅಮ್ಮನೂ ಅದೇ ಕಾರ್ಖಾನೆಯಲ್ಲಿ ಕಾಲರ್ ಕೂರಿಸುತ್ತಿದ್ದಳು. ಒಂದು ದಿನ ಅವಳ ಇಪ್ಪತ್ತೆರಡು ಅಂಗಿಗಳು ಬಾಣ ಹೊತ್ತು ವಾಪಸು ಬಂದವು. ನನ್ನದು ಅಂತ ಗೊತ್ತಿರಲಿಲ್ವಾ ಎಂದು ಅಮ್ಮ ಕೇಳಿದ್ದಕ್ಕೆ, ಗೊತ್ತಾಗಬಾರದು ಅಂತಲೇ ಬೆರಳು ಇಡೋದು ಎಂದಳಂತೆ ದೊಡ್ಡಮ್ಮ. ಅಕ್ಕ ತಂಗಿಯ ನಡುವೆ ಒಂದು ವಾರ ಮಾತು ಬಂದ್. ಅಮ್ಮ ಆ ವರ್ಷವೇ ಕೆಲಸ ಬಿಟ್ಟು ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಳು. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ನಮ್ಮ ಜೊತೆಗೇ ಇರಲು ಬಂದಾಗ ಅಮ್ಮ ಹಾಕಿದ್ದು ಒಂದೇ ಷರತ್ತು: ನನ್ನ ಮಿಷನ್ನಿನ ಮೂರು ಅಡಿ ಒಳಗೆ ಬರಕೂಡದು.

ಈ ವರ್ಷದ ಶುರುವಿನಲ್ಲಿ ಕಾರ್ಖಾನೆಯವರು ಆ ವಿಭಾಗವನ್ನೇ ಬೇರೆ ಊರಿಗೆ ಸಾಗಿಸಿದರು. ಸೋಮವಾರದಿಂದ ಬರುವುದು ಬೇಡ ಎಂದು ಶುಕ್ರವಾರ ಹೇಳಿದರು. ಇಷ್ಟು ವರ್ಷದ ಕೆಲಸ ಹೇಗಿತ್ತು ಎಂದು ಯಾರೂ ಒಂದು ಮಾತು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮನೆಗೆ ಬಂದು ಏಪ್ರನ್ ಕಳಚಿದಾಗ ಜೇಬಿನಲ್ಲಿ ಬಾಣಗಳ ಅರ್ಧ ಸುರುಳಿ ಉಳಿದುಬಿಟ್ಟಿತ್ತು.

ಅಲ್ಲಿಂದ ಶುರುವಾಯಿತು ಅವಳ ತಿರುಗಾಟ. ಹಜಾರದಿಂದ ಅಡುಗೆಮನೆ, ಅಡುಗೆಮನೆಯಿಂದ ಹಿತ್ತಿಲು. ಮಡಚಿಟ್ಟ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಚುವಳು. ಕೂತರೆ ಕಾಲು ಅಲ್ಲಾಡಿಸುವಳು, ಅಮ್ಮ ಗದರಿದರೆ ಕಾಲು ನಿಲ್ಲಿಸಿ ಬೆರಳು ಕುಣಿಸುವಳು. ಮೂರನೇ ವಾರ ಅಮ್ಮ ನನ್ನನ್ನು ಕರೆದು ಹೇಳಿದಳು: “ಇವಳನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗು ಕಣೇ. ನೆಲ ಒರೆಸೋ ಬಟ್ಟೆಗೂ ಎರಡು ಬಾಣ ಅಂಟಿಸಿದ್ದಾಳೆ.”

ನಾನು ಹೋಗುತ್ತಿದ್ದದ್ದು ಒಂದೇ ಜಾಗ. ನಮ್ಮ ಕಾಲೇಜಿನಲ್ಲಿ ವರ್ಷಕ್ಕೆ ನಲವತ್ತು ಗಂಟೆ ಸಮಾಜಸೇವೆ ಮಾಡಬೇಕು. ನಾನು ಟೈರ್ ಅಂಗಡಿಯ ಮೇಲಿನ ಕೋಣೆಯೊಂದನ್ನು ಆರಿಸಿಕೊಂಡಿದ್ದೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳ ಹದಿನೆಂಟು ಮಕ್ಕಳು ಶಾಲೆ ಬಿಟ್ಟ ಮೇಲೆ ಅಲ್ಲಿ ಎರಡು ಗಂಟೆ ಇರುತ್ತಿದ್ದರು. ನಡೆಸುತ್ತಿದ್ದವರು ನಿವೃತ್ತ ಶಿಕ್ಷಕಿಯೊಬ್ಬರು. ಎಲ್ಲರಿಗೂ ಅವರು ಟೀಚರ್. ಕೋಣೆಗೆ ಸದಾ ರಬ್ಬರಿನ ವಾಸನೆ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ನೆಲ ಗುಂಯ್‌ಗುಡುತ್ತಿತ್ತು, ಮಕ್ಕಳು ಅಂಗಾಲಿಗೆ ಕಚಗುಳಿಯಾಯಿತೆಂದು ಕಿಸಿಕಿಸಿ ನಗುತ್ತಿದ್ದರು. ಗೋಡೆಯಲ್ಲಿ ಸಾಲಾಗಿ ಹದಿನೆಂಟು ಮೊಳೆ, ಪ್ರತಿ ಮೊಳೆಗೂ ಒಂದು ನಂಬರು, ಪ್ರತಿ ನಂಬರಿಗೂ ಒಂದು ಶಾಲೆಯ ಚೀಲ.

ದೊಡ್ಡಮ್ಮನಿಗೆ ಆ ಕೋಣೆ ಮೊದಲ ದಿನವೇ ಹಿಡಿಸಿತು. ಕೂರಲು ಕುರ್ಚಿ ಕೊಟ್ಟರೂ ಕೂರಲಿಲ್ಲ. ಮೂಗು ಒರೆಸಿದಳು, ಜಡೆ ಬಿಗಿದಳು, ಕಿತ್ತುಹೋದ ಗುಂಡಿಗಳನ್ನೆಲ್ಲ ಹಾಕಿ ಮುಗಿಸಿದಳು. ಅಜ್ಜಿ ಎಂದವನಿಗೆ ಆಂಟಿ ಎನ್ನಲು ಕಲಿಸಿದಳು. ಎರಡನೇ ವಾರ ಅಮ್ಮನ ಮಿಷನ್ನಿನ ಕೆಳಗೆ ಬಿದ್ದಿದ್ದ ಬಟ್ಟೆಯ ಚೂರುಗಳನ್ನು, ಮೂರು ಅಡಿ ದೂರದಿಂದ ಪೊರಕೆಯಲ್ಲಿ ಎಳೆದುಕೊಂಡು, ತಂದಳು. ಪೆನ್ಸಿಲ್ ಇಡುವ ಚಿಕ್ಕ ಚೀಲ ಹೊಲಿಯುವುದು ಹೇಗೆಂದು ತೋರಿಸಿದಳು. ಎರಡು ಚೂರು ಜೋಡಿಸಿ, ದಾರವನ್ನು ಅಂಚಿನ ಮೇಲಿಂದ ಸುತ್ತಿ ಸುತ್ತಿ ತರುವ ಸುಲಭದ ಹೊಲಿಗೆ. ಮೊಂಡು ಮೂತಿಯ ದಪ್ಪ ಸೂಜಿ. ಟೀಚರಿಗೆ ಸಂತೋಷವಾಯಿತು. ತಿಂಗಳ ಕೊನೆಗೆ ಅಪ್ಪ ಅಮ್ಮಂದಿರನ್ನು ಕರೆದು ಚೀಲಗಳನ್ನು ಮೇಜಿನ ಮೇಲೆ ಜೋಡಿಸಿ ತೋರಿಸೋಣ ಎಂದರು.

ಅವರು ಹಾಗೆ ಅಂದದ್ದೇ ದೊಡ್ಡಮ್ಮನಿಗೆ ಹಳೆಯ ಕೆಲಸ ವಾಪಸು ಬಂದ ಹಾಗಾಯಿತು.

ಚೀಲಗಳು ಮುಗಿದ ದಿನ ಅವಳು ಅವನ್ನೆಲ್ಲ ಮೇಜಿನ ಮೇಲೆ ಗುಡ್ಡೆ ಹಾಕಿಕೊಂಡಳು. ಒಂದೊಂದಕ್ಕೂ ಮಗುವಿನ ಮೊಳೆ ನಂಬರಿನ ಚೀಟಿ ಚುಚ್ಚಿತ್ತು. ಹೆಬ್ಬೆರಳು ಚೀಟಿಯ ಮೇಲೆ ಹೋಯಿತು. ಏಪ್ರನ್ ಇಲ್ಲದಿದ್ದರೂ ಸೊಂಟದ ಬಳಿ ಕೈಯಾಡಿಸಿ, ಆಮೇಲೆ ನೆನಪಾಗಿ ಬ್ಯಾಗಿನಿಂದ ಸುರುಳಿ ತೆಗೆದಳು. ನಾನು ಅವಳನ್ನು ಕೆಲಸದಲ್ಲಿ ನೋಡಿದ್ದು ಅದೇ ಮೊದಲು. ಕಣ್ಣು ಮಿಟುಕಿಸಲಿಲ್ಲ. ಒಂದು ಚೀಲಕ್ಕೆ ಎರಡು ಬಾಣ, ಇನ್ನೊಂದಕ್ಕೆ ಐದು. ಮಕ್ಕಳು ಸುತ್ತ ನಿಂತು ಅದನ್ನು ಆಟ ಮಾಡಿಕೊಂಡರು, ನಂಗೆ ಮೂರು, ನಂಗೆ ಆರು ಎಂದು ಜಂಬ ಕೊಚ್ಚಿಕೊಂಡರು. ಅವಳಿಗೆ ಬಾಣದ ಆಂಟಿ ಎಂಬ ಹೆಸರು ಬಿದ್ದದ್ದೂ ಆಗಲೇ. ಒಂದು ನೀಲಿ ಚೀಲ ಬಂದಾಗ ಮಾತ್ರ ಅವಳು ಹುಬ್ಬು ಗಂಟಿಕ್ಕಿ, ಉಲ್ಟಾ ಹೊಲಿಗೆ ಎಂದು ಗೊಣಗಿ, ಅಂಚಿನುದ್ದಕ್ಕೂ ಹದಿನಾಲ್ಕು ಬಾಣ ಅಂಟಿಸಿ ಪಕ್ಕಕ್ಕೆ ಎಸೆದಳು.

ಆ ಚೀಲ ಹನ್ನೊಂದನೇ ಮೊಳೆಯ ಹುಡುಗಿಯದು. ಏಳು ವರ್ಷ, ಕಡ್ಡಿಯಂಥ ಮೈ, ಅದರ ಮೇಲೆ ದುಂಡನೆಯ ತಲೆ. ಮಕ್ಕಳು ಅವಳನ್ನು ಕರೆಯುತ್ತಿದ್ದದ್ದೇ ಗುಂಡುಪಿನ್ನು. ಅವಳು ಚೀಲ ಎತ್ತಿಕೊಂಡು ನನ್ನ ಹತ್ತಿರ ಬಂದಳು. ನಾನು ಯಾರದೋ ಶೂ ಲೇಸು ಕಟ್ಟುತ್ತಿದ್ದೆ.

“ಅಕ್ಕ, ಬಾಣ ಎಲ್ಲಿ ತೋರಿಸುತ್ತೋ ಅಲ್ಲಿ ತಪ್ಪಿರುತ್ತಾ?”

ಹ್ಞೂಂ ಎಂದೆ. ತಲೆ ಎತ್ತಿ ನೋಡಲೂ ಇಲ್ಲ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಅವಳ ಅಮ್ಮ ಬಂದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು, ಕೆಲಸದ ನಡುವೆ ಓಡಿ ಬಂದಿದ್ದಳು, ಕೂದಲ ಬುಡದಲ್ಲಿ ಇನ್ನೂ ಬೆವರಿತ್ತು. ಸಿಟ್ಟಾಗಿರಲಿಲ್ಲ, ಅದು ನಮಗೆ ಇನ್ನೂ ಕಷ್ಟವಾಯಿತು. ಸ್ನಾನ ಮಾಡಿಸಲು ಹೋದಾಗ ಮಗಳ ಎಡಗೈ ತುಂಬ ಕೆಂಪು ಬಾಣಗಳಿದ್ದವಂತೆ. ಮಣಿಕಟ್ಟಿನಿಂದ ಶುರುವಾಗಿ ಬೆರಳುಗಳವರೆಗೆ, ಎಲ್ಲವೂ ಉಗುರಿನ ಕಡೆಗೆ ಮುಖ ಮಾಡಿ. ಕೀಳಲು ಬಿಡಲಿಲ್ಲವಂತೆ. ನೀರಲ್ಲಿ ನೆನೆಸಿ ಕಿತ್ತ ಮೇಲೂ ಆ ಕೈಯನ್ನು ಹೊರಗೆ ತೆಗೆಯುತ್ತಿಲ್ಲ. ಹುಟ್ಟಿದಾಗಿನಿಂದ ಎಲ್ಲದಕ್ಕೂ ಎಡಗೈಯೇ, ನಾವು ಯಾವತ್ತೂ ಏನೂ ಅಂದವರಲ್ಲ ಎಂದಳು. ಈಗ ಚಮಚ ಬಲಗೈಯಲ್ಲಿ ಹಿಡಿದು ಅರ್ಧ ಊಟ ನೆಲಕ್ಕೆ. ಪೆನ್ಸಿಲ್ ಬಲಗೈಯಲ್ಲಿ ಹಿಡಿದು ಶಾಲೆಯ ಪುಸ್ತಕವೆಲ್ಲ ಗೀಚು. ತಪ್ಪು ಈ ಕೈಯಲ್ಲಿದೆ ಎನ್ನುತ್ತಾಳಂತೆ. ಯಾರು ಏನಂದರು ಎಂದು ಕೇಳಿದರೆ ಯಾರೂ ಏನೂ ಅನ್ನಲಿಲ್ಲ ಎನ್ನುತ್ತಾಳಂತೆ.

“ನಾನು,” ಎಂದಳು ದೊಡ್ಡಮ್ಮ. “ನಾನೇ ಅಂಟಿಸಿದ್ದು.”

ಆ ಹೆಂಗಸು ಅವಳನ್ನು ನೋಡಿದಳು. ಆಮೇಲೆ, ಲಾಂಡ್ರಿಗೆ ಹೊತ್ತಾಯಿತು ಎಂದು ಹೊರಟುಹೋದಳು.

ಗುಂಡುಪಿನ್ನಿನ ನೀಲಿ ಚೀಲ ಅವಳ ಖಾಲಿ ಮೊಳೆಯ ಕೆಳಗೆ ನೆಲದ ಮೇಲೆ ಬಿದ್ದಿತ್ತು. ಬಾಣಗಳನ್ನೆಲ್ಲ ಕಿತ್ತುಕೊಂಡು ಹೋಗಿದ್ದಳು. ದೊಡ್ಡಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳು ಅಭ್ಯಾಸದಂತೆ ಚೀಟಿಯ ಮೇಲೆ ಹೋಗಿ, ಸ್ವಲ್ಪ ಹೊತ್ತಿದ್ದು, ಸರಿಯಿತು. ಬೇರೆ ಮಕ್ಕಳ ಚೀಲಗಳಲ್ಲಿ ಹೊಲಿಗೆ ಬಲಕ್ಕೆ ಓರೆಯಾಗಿದ್ದರೆ ಇದರಲ್ಲಿ ಎಡಕ್ಕೆ ಓರೆಯಾಗಿತ್ತು, ಅಷ್ಟೇ. ಅವಳು ಟೇಪು ಇಟ್ಟು ಅಳೆದಳು. ಒಂದು ಹೊಲಿಗೆಗೂ ಇನ್ನೊಂದಕ್ಕೂ ನಡುವೆ ಸರಿಯಾಗಿ ಕಾಲು ಇಂಚು. ಆ ಇಡೀ ಗುಡ್ಡೆಯಲ್ಲಿ ಅಷ್ಟು ಸಮನಾದ ಹೊಲಿಗೆ ಬೇರೆ ಯಾವುದರಲ್ಲೂ ಇರಲಿಲ್ಲ.

“ಮಿಷನ್ನಿಗೆ ಎಡ ಬಲ ಇರಲ್ಲ ಕಣೇ,” ಎಂದಳು ನನಗೆ. “ನನಗೆ ಗೊತ್ತೇ ಆಗಲಿಲ್ಲ.”

ಟೀಚರ್ ಒಳ್ಳೆಯ ಮಾತಿನಲ್ಲೇ ಸಮಾಧಾನ ಹೇಳಿದರು. ಮಕ್ಕಳು ಬೇಗ ಮರೆಯುತ್ತಾರೆ, ಈಗ ಹಿಂದೆ ಬಿದ್ದರೆ ಅದು ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಗಬಹುದು, ಬಾಣದ ಆಂಟಿ ಸ್ವಲ್ಪ ದಿನ ಬರದೇ ಇದ್ದರೂ ಒಳ್ಳೆಯದೇ ಎಂದರು. ದೊಡ್ಡಮ್ಮ ತಲೆಯಾಡಿಸಿದಳು. ಮೆಟ್ಟಿಲಿಳಿಯುವಾಗ ಮಾತ್ರ, ಅವಳು ಮರೀಬಹುದು, ಆ ಕೈ ಮರೆತುಬಿಟ್ಟರೆ ಏನು ಗತಿ ಎಂದಳು.

ಆಮೇಲಿನ ನಾಲ್ಕು ದಿನ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ದೊಡ್ಡಮ್ಮ ಬೆಳಗ್ಗೆ ಎದ್ದವಳೇ ಅಡುಗೆಮನೆಯ ಮೇಜಿನ ಮುಂದೆ ಸೂಜಿಯನ್ನು ಎಡಗೈಯಲ್ಲಿ ಹಿಡಿದು ಕೂರುವಳು, ಎರಡು ಹೊಲಿಗೆ ಹಾಕುವಳು, ಎದ್ದು ಹಿತ್ತಿಲಿಗೆ ಹೋಗುವಳು, ವಾಪಸು ಬಂದು ಬಿಚ್ಚುವಳು. ದಾರ ಗಂಟಾಗುವುದು. ಸೂಜಿ ಬಲಗೈಯ ಹೆಬ್ಬೆರಳಿಗೆ ಚುಚ್ಚುವುದು. ತರಕಾರಿ ಹೆಚ್ಚಲು ಜಾಗವಿಲ್ಲದೆ ಅಮ್ಮ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಚ್ಚಿದಳು. ಮೂರನೇ ದಿನ ಅವಳು ಅಕ್ಕನ ಹೊಲಿಗೆಯನ್ನು ಬಗ್ಗಿ ನೋಡಿ, ನಂಗೆ ಒಂದು ನಾಲ್ಕು ಬಾಣ ಸಾಲ ಕೊಡ್ತೀಯಾ ಎಂದಳು. ದೊಡ್ಡಮ್ಮ ನಗಲಿಲ್ಲ. ಗಾಯಕ್ಕೆ ಬಟ್ಟೆ ಸುತ್ತಿ ಮತ್ತೆ ಕೂತಳು.

ಗುರುವಾರ ಮಧ್ಯಾಹ್ನ ನನ್ನನ್ನು ಕರೆದುಕೊಂಡು ಲಾಂಡ್ರಿಗೆ ಹೋದಳು. ಟೀಚರಿಗೆ ಹೇಳೋಣವಾ ಎಂದೆ. ಹೇಳಿದರೆ ಬೇಡ ಅಂತಾರೆ ಎಂದಳು. ದಾರಿಯುದ್ದಕ್ಕೂ ಒಂದು ಹೆಜ್ಜೆ ಮುಂದೆಯೇ ನಡೆದಳು, ನಾನು ಜೊತೆ ಸೇರಿದ ಕೂಡಲೇ ಮತ್ತೆ ಒಂದು ಹೆಜ್ಜೆ ಮುಂದೆ.

ಲಾಂಡ್ರಿಯ ಹಿಂಬಾಗಿಲು ತೆರೆದಿತ್ತು. ಒಳಗೆಲ್ಲ ಹಬೆ. ಆಸ್ಪತ್ರೆಯ ಬಿಳಿ ಹಾಸಿಗೆಬಟ್ಟೆಗಳು ಗಂಟುಗಂಟಾಗಿ ಗೋಡೆಯವರೆಗೆ. ಗುಂಡುಪಿನ್ನಿನ ಅಮ್ಮ ಇಸ್ತ್ರಿಮೇಜಿನ ಮುಂದೆ ನಿಂತಿದ್ದಳು. ನಮ್ಮನ್ನು ನೋಡಿ ಗದ್ದದಿಂದ ಮೂಲೆಯತ್ತ ತೋರಿಸಿದಳು. ಅಲ್ಲೊಂದು ಗಂಟಿನ ಮೇಲೆ ಗುಂಡುಪಿನ್ನು ಕೂತಿದ್ದಳು. ಅಷ್ಟು ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡು, ಎಡಗೈಯನ್ನು ಅದರ ಜೇಬಿನೊಳಗೆ ಇಳಿಬಿಟ್ಟು. ಬಲಗೈಯಲ್ಲಿ ಒಂದು ಕಾಮಿಕ್ಸ್ ಪುಸ್ತಕ, ಹಾಳೆ ತಿರುಗಿಸಲು ಗದ್ದ ಬಳಸುತ್ತಿದ್ದಳು.

ದೊಡ್ಡಮ್ಮ ಅವಳ ಎದುರಿಗೆ ಹೋಗಿ ನಿಂತು, ಬ್ಯಾಗಿನಿಂದ ತಾನು ಹೊಲಿದ ಚೀಲವನ್ನೂ ಬಾಣದ ಸುರುಳಿಯನ್ನೂ ತೆಗೆದು ಅವಳ ಮಡಿಲಲ್ಲಿ ಇಟ್ಟಳು.

“ಒಂದು ಪೀಸ್ ಇದೆ. ಚೆಕ್ ಮಾಡಿಕೊಡ್ತೀಯಾ?”

ಹುಡುಗಿ ಚೀಲವನ್ನು ನೋಡಿದಳು. “ಯಾರು ಹೊಲಿದಿದ್ದು?”

“ಚೆಕ್ ಮಾಡೋರು ಅದನ್ನ ಕೇಳಬಾರದು.”

“ಯಾಕೆ?”

ದೊಡ್ಡಮ್ಮ ಬಾಯಿ ತೆರೆದಳು. ಹತ್ತೊಂಬತ್ತು ವರ್ಷ ಅವಳಲ್ಲಿದ್ದ ಉತ್ತರ ನಾಲಿಗೆಯವರೆಗೆ ಬಂದದ್ದು ನನಗೆ ಕಾಣಿಸಿತು. ಅದನ್ನು ಅಲ್ಲೇ ನುಂಗಿಕೊಂಡಳು.

“ನಾನೇ,” ಎಂದಳು. “ಈ ಕೈಯಲ್ಲಿ.” ಎಡಗೈ ಎತ್ತಿ ತೋರಿಸಿದಳು.

ಗುಂಡುಪಿನ್ನು ಚೀಲವನ್ನು ಮುಖದ ಹತ್ತಿರ ತಂದುಕೊಂಡಳು. ಮೊದಲ ಹೊಲಿಗೆಯ ಹತ್ತಿರವೇ ತುಟಿ ಕಚ್ಚಿದಳು. ಬಾಣ ಕೀಳಲು ಬಲಗೈಯ ಉಗುರಿನಿಂದ ಸುರುಳಿಯನ್ನು ಕೆರೆದಳು, ಸುರುಳಿ ಉರುಳಿತು. ಮಂಡಿಗಳ ನಡುವೆ ಇರುಕಿಕೊಂಡು ಕೆರೆದಳು. ಬಾಣ ಅರ್ಧಕ್ಕೆ ಹರಿಯಿತು. ದೊಡ್ಡಮ್ಮನ ಬೆರಳುಗಳು ಸಹಾಯಕ್ಕೆ ತುಡಿಯುತ್ತಿದ್ದವು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಹೋಗಿ ಬರುತ್ತಿದ್ದ ಸದ್ದು ನಿಧಾನವಾಯಿತು.

ಮೂರನೇ ಸಲ, ಹುಡುಗಿಯ ಎಡಗೈ ಜೇಬಿನಿಂದ ಹೊರಗೆ ಬಂದಿತು. ಅವಳು ಕಳಿಸಿದ ಹಾಗಿರಲಿಲ್ಲ, ಅದೇ ಬಂದ ಹಾಗಿತ್ತು. ಅಂಟು ಉಳಿದ ಜಾಗಗಳಲ್ಲಿ ಸ್ವೆಟರಿನ ನೂಲು ಮೆತ್ತಿಕೊಂಡು ಬೆರಳುಗಳು ಜುಂಗುಜುಂಗಾಗಿದ್ದವು. ಒಂದು ಬಾಣ ಕಿತ್ತು, ಅಂಟಿಸಿ, ಇನ್ನೊಂದು ಕಿತ್ತಿತು. ನಾನು ಬೇರೆ ಕಡೆ ನೋಡಿದೆ.

ಚೀಲಕ್ಕೆ ಒಂಬತ್ತು ಬಾಣಗಳಾದವು. ಹತ್ತನೆಯದನ್ನು ಬೆರಳ ತುದಿಯಲ್ಲಿ ಹಿಡಿದು ಅವಳು ತಡೆದಳು. ಕೊನೆಯ ಎರಡು ಹೊಲಿಗೆಗಳನ್ನು ಮತ್ತೆ ಮತ್ತೆ ನೋಡಿದಳು.

“ಇದು ಚೆನ್ನಾಗಿದೆ. ಚೆನ್ನಾಗಿರೋದಕ್ಕೆ ಯಾವ ಸ್ಟಿಕ್ಕರ್?”

“ಚೆನ್ನಾಗಿದ್ರೆ ಏನೂ ಅಂಟಿಸಲ್ಲ.”

“ಮತ್ತೆ ಅವರಿಗೆ ಹೆಂಗೆ ಗೊತ್ತಾಗುತ್ತೆ?”

ದೊಡ್ಡಮ್ಮ ಪಕ್ಕದ ಗಂಟಿನ ಮೇಲೆ ಕೂತಳು. ಯಾರೂ ಹೇಳದೆ ಅವಳು ಕೂತದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

“ಗೊತ್ತಾಗಲ್ಲ,” ಎಂದಳು.

ಆಮೇಲೆ ಬ್ಯಾಗಿನಿಂದ ಆ ನೀಲಿ ಚೀಲವನ್ನು ತೆಗೆದಳು. ಹನ್ನೊಂದು ಎಂದು ಬರೆದ ಚೀಟಿ ಮೇಲೆ ಕಾಣುವ ಹಾಗೆ ಅದನ್ನು ಮಂಡಿಯ ಮೇಲೆ ಹರಡಿ, ಮೊದಲ ಹೊಲಿಗೆಯ ಮೇಲೆ ಬೆರಳಿಟ್ಟಳು. ಇದು ಚೆನ್ನಾಗಿದೆ ಎಂದಳು. ಬೆರಳು ಕಾಲು ಇಂಚು ಸರಿಸಿ, ಇದೂ ಚೆನ್ನಾಗಿದೆ ಎಂದಳು. ಅಭ್ಯಾಸವಿಲ್ಲದ ಮಾತು, ಮೊದಮೊದಲು ತಡವರಿಸುತ್ತಿತ್ತು. ಒಂದನ್ನೂ ಬಿಡಲಿಲ್ಲ. ಹುಡುಗಿ ಪಕ್ಕಕ್ಕೆ ಜರುಗಿ ಅವಳ ತೋಳಿಗೆ ಗಲ್ಲ ಆನಿಸಿ ನೋಡತೊಡಗಿದಳು. ಇಸ್ತ್ರಿಪೆಟ್ಟಿಗೆ ನಿಂತೇಹೋಗಿತ್ತು. ಇಪ್ಪತ್ತೇಳೋ ಇಪ್ಪತ್ತೆಂಟೋ ಆಗಿದ್ದಾಗ ಗುಂಡುಪಿನ್ನು ತಡೆದಳು.

“ಅದು ಚೆನ್ನಾಗಿಲ್ಲ. ಅಲ್ಲಿ ದಾರ ಸಿಕ್ಕಾಗಿತ್ತು, ನಾನು ಸುಮ್ಮನೆ ಎಳೆದುಬಿಟ್ಟೆ.”

ದೊಡ್ಡಮ್ಮ ಬಗ್ಗಿ ನೋಡಿದಳು. “ಹೌದು,” ಎಂದಳು. “ಅದೊಂದು ಚೆನ್ನಾಗಿಲ್ಲ.” ಬೆರಳು ಮುಂದಕ್ಕೆ ಹೋಯಿತು.

ಮುಗಿಯುವ ಹೊತ್ತಿಗೆ ಹುಡುಗಿಯ ಅಮ್ಮ, ಬಟ್ಟೆ ಸುಟ್ಟ ವಾಸನೆ ಬರ್ತಿದೆಯಾ ಎಂದು ಯಾರಿಗೂ ಅಲ್ಲದೆ ಕೇಳಿ, ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡಳು. ನಾವು ಹೊರಡುವಾಗ ಗುಂಡುಪಿನ್ನು ದೊಡ್ಡಮ್ಮನ ಚೀಲವನ್ನು ವಾಪಸು ಕೊಟ್ಟಳು. ಹೊಲಿದವರು ಸರಿ ಮಾಡ್ಕೊಂಡು ಬರಬೇಕು, ನಾಳೆ ನೋಡ್ತೀನಿ ಎಂದಳು. ಸೂಜಿಯನ್ನು ಹೀಗೆ ಹಿಡಿಯಬೇಕೆಂದು ಗಾಳಿಯಲ್ಲಿ ತೋರಿಸಿದಳು, ಎಡಗೈಯಲ್ಲಿ.

ಮನೆಯ ದಾರಿಯಲ್ಲಿ ದೊಡ್ಡಮ್ಮನ ನಡಿಗೆ ಇನ್ನೂ ಜೋರಾಯಿತು. ಏನೋ ತಲೆಯೊಳಗೆ ಗಿರಕಿ ಹೊಡೆಯುತ್ತಿತ್ತು. ಬಸ್ಸಿಗೆ ನಿಂತ ಸಾಲಿನಲ್ಲಿ ಮುಂದಿದ್ದ ಅಪರಿಚಿತರೊಬ್ಬರ ಹೆಗಲಿನತ್ತ ಅವಳ ಕೈ ಹೋಯಿತು. ನಾನು ಹಿಡಿಯುವಷ್ಟರಲ್ಲಿ, ನಿಮ್ಮ ಕಾಲರ್ ಬಹಳ ಚೆನ್ನಾಗಿ ಕೂತಿದೆ ಎಂದುಬಿಟ್ಟಳು. ಅವರು ಗಾಬರಿಯಾಗಿ ಕಾಲರ್ ಮುಟ್ಟಿಕೊಂಡು ಎರಡು ಹೆಜ್ಜೆ ಮುಂದೆ ಸರಿದರು.

ಮರುದಿನ ಹನ್ನೊಂದನೇ ಮೊಳೆಯಲ್ಲಿ ಗುಂಡುಪಿನ್ನಿನ ಶಾಲೆಯ ಚೀಲ ನೇತಾಡುತ್ತಿತ್ತು. ಆದರೆ ನನಗೆ ನೆನಪಿನಲ್ಲಿ ಉಳಿದಿರುವುದು ಅದರ ಹಿಂದಿನ ಸಂಜೆ.

ಅಮ್ಮ ಮಿಷನ್ನಿನ ಮುಂದೆ ಕೂತು ಯಾರದೋ ಅಂಗಿ ಹೊಲಿಯುತ್ತಿದ್ದಳು. ದೊಡ್ಡಮ್ಮ ಚಪ್ಪಲಿಯನ್ನೂ ಸರಿಯಾಗಿ ಕಳಚದೆ ಒಳಗೆ ಬಂದು, ಮೂರು ಅಡಿ ದೂರದಲ್ಲಿ, ನಮ್ಮ ಮನೆಯ ಆ ಕಾಣದ ಗೆರೆಯ ಹತ್ತಿರ ನಿಂತಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಏನು ಎಂದು ಅಮ್ಮ ತಲೆಯೆತ್ತದೆ ಕೇಳಿದಳು.

“ಆವತ್ತು ಆ ಇಪ್ಪತ್ತೆರಡು ಬಿಟ್ಟರೆ,” ಎಂದಳು ದೊಡ್ಡಮ್ಮ, “ನೀನು ಕೂರಿಸಿದ ಕಾಲರ್ ಎಲ್ಲಾ ಚೆನ್ನಾಗಿರ್ತಿತ್ತು. ಲೈನಲ್ಲಿ ಬೇರೆ ಯಾರಿಗೂ ಹಂಗೆ ಬರ್ತಿರಲಿಲ್ಲ.”

ಅಮ್ಮ ಚಕ್ರದ ಮೇಲೆ ಕೈಯಿಟ್ಟು ಮಿಷನ್ ನಿಲ್ಲಿಸಿದಳು.

“ನೀನು ನಂಬರ್ ಮೇಲೆ ಬೆರಳು ಇಟ್ಟಿರ್ತಿದ್ದೆ. ನನ್ನದು ಅಂತ ಹೆಂಗೆ ಗೊತ್ತಾಗ್ತಿತ್ತು?”

“ಗೊತ್ತಾಗ್ತಿತ್ತು,” ಎಂದಳು ದೊಡ್ಡಮ್ಮ.

ಅಮ್ಮ ಸೂಜಿಯ ಕೆಳಗಿನಿಂದ ಅಂಗಿ ಬಿಡಿಸಿ ದಾರ ಕತ್ತರಿಸಿದಳು. ಆಮೇಲೆ ಅದನ್ನು ಎತ್ತಿ, ಗೆರೆಯ ಆಚೆಗೆ ಚಾಚಿ ಹಿಡಿದಳು.

“ಇದನ್ನ ನೋಡು,” ಎಂದಳು.